ಆಕಾಶದಿಂದ ಬರುವ ವಿದ್ಯುತ್ ಹೊಡೆತ: ನಿಲ್ಲುವುದು ಕಾರೋ, ಊರೋ?



ಜಗತ್ತಿನ ಯಾವುದೋ ಮೂಲೆಯಲ್ಲಿ ಯುದ್ಧದ ಸುದ್ದಿ ಬಂದಾಗಲೆಲ್ಲ ನಮ್ಮ ಮೊಬೈಲುಗಳಿಗೆ ಒಂದು ಸಂದೇಶ ತಪ್ಪದೆ ಬಂದು ಬೀಳುತ್ತದೆ. ಬಹಳ ಎತ್ತರದಲ್ಲಿ ಒಂದೇ ಒಂದು ಅಣುಬಾಂಬು ಸಿಡಿದರೆ ಸಾಕಂತೆ, ದೇಶದ ಕಾರುಗಳೆಲ್ಲ ನಿಂತಲ್ಲೇ ನಿಂತುಬಿಡುತ್ತವಂತೆ, ಕಂಪ್ಯೂಟರ್ ಇಲ್ಲದ ಹಳೆಯ ಅಂಬಾಸಿಡರ್ ಮತ್ತು ಜೀಪುಗಳು ಮಾತ್ರ ಓಡುತ್ತವಂತೆ. ವಿಜ್ಞಾನ ಓದುವ ನಮ್ಮ ವಿದ್ಯಾರ್ಥಿಗಳೂ ಇದನ್ನು ನಂಬಿ ಮುಂದಕ್ಕೆ ಕಳುಹಿಸುತ್ತಾರೆ. ಈ ಮಾತಿನಲ್ಲಿ ಸತ್ಯ ಎಷ್ಟು, ಕಥೆ ಎಷ್ಟು ಎಂದು ತಿಳಿಯಲು ಊಹೆಗೆ ಹೋಗಬೇಕಾಗಿಲ್ಲ. ಇಂತಹ ಹೊಡೆತ ಭೂಮಿಯ ಮೇಲೆ ನಿಜವಾಗಿಯೂ ಬಿದ್ದಿದೆ. ಕಾರುಗಳ ಮೇಲೆ ಅದನ್ನು ಕೃತಕವಾಗಿ ಪ್ರಯೋಗಿಸಿಯೂ ನೋಡಿದ್ದಾರೆ. ಆ ಇತಿಹಾಸವನ್ನು ತಮ್ಮ ಮುಂದಿಡುವುದು ಈ ಲೇಖನದ ಉದ್ದೇಶ. ಕಾರಿನಿಂದ ಹೊರಟ ಈ ವಿಷಯ ಕೊನೆಗೆ ನಮ್ಮ ಮಂಡ್ಯ ಜಿಲ್ಲೆಯ ಗದ್ದೆಬಯಲಿಗೇ ಬಂದು ಮುಟ್ಟುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಏನಿದು ಹೊಡೆತ?

ಮುಂಗಾರು ಹಿಡಿಯುವ ಮುನ್ನ, ಏಪ್ರಿಲ್–ಮೇ ತಿಂಗಳಲ್ಲಿ ಸಿಡಿಲು ಬಡಿದಾಗ ಏನಾಗುತ್ತದೆ ಎಂಬುದನ್ನು ತಾವು ನೋಡಿಯೇ ಇರುತ್ತೀರಿ. ಸಿಡಿಲು ಬಿದ್ದದ್ದು ದೂರದ ತೆಂಗಿನ ಮರಕ್ಕೆ. ಸುಟ್ಟುಹೋದದ್ದು ಮನೆಯ ಟಿ.ವಿ., ಪಂಪ್‌ಸೆಟ್ಟಿನ ಸ್ಟಾರ್ಟರ್. ಸಿಡಿಲು ಅವನ್ನು ಮುಟ್ಟಲೇ ಇಲ್ಲ. ಅದರ ವಿದ್ಯುತ್ಕಾಂತೀಯ ಅಲೆ ಉದ್ದವಾದ ತಂತಿಗಳಲ್ಲಿ ಒಮ್ಮೆಲೇ ವೋಲ್ಟೇಜ್ ಏರಿಸಿತು, ತಂತಿ ಅದನ್ನು ಮನೆಯೊಳಗೆ ತಂದಿತು. ವಿದ್ಯುತ್ಕಾಂತೀಯ ಹೊಡೆತ, ಅಂದರೆ ವಿಜ್ಞಾನಿಗಳು ಇ.ಎಂ.ಪಿ. ಎಂದು ಕರೆಯುವುದು, ಇದೇ ಜಾತಿಯ ಸಂಗತಿ. ವ್ಯಾಪ್ತಿ ಮಾತ್ರ ಬಹಳ ದೊಡ್ಡದು.

ಅಣುಬಾಂಬು ವಾತಾವರಣದ ಮೇಲೆ, ನೂರಾರು ಕಿಲೋಮೀಟರ್ ಎತ್ತರದಲ್ಲಿ ಸಿಡಿದರೆ ಅದರ ಶಾಖವಾಗಲಿ, ಗಾಳಿಯ ಅಬ್ಬರವಾಗಲಿ ನೆಲಕ್ಕೆ ತಲುಪುವುದಿಲ್ಲ. ಆದರೆ ಅದರಿಂದ ಹೊರಟ ಗಾಮಾ ಕಿರಣಗಳು ಕೆಳಗಿನ ಗಾಳಿಯ ಅಣುಗಳಿಗೆ ಬಡಿದು ಎಲೆಕ್ಟ್ರಾನುಗಳನ್ನು ಕಿತ್ತು ಹಾರಿಸುತ್ತವೆ. ಆ ಎಲೆಕ್ಟ್ರಾನುಗಳು ಭೂಮಿಯ ಕಾಂತಕ್ಷೇತ್ರದಲ್ಲಿ ತಿರುಗಿ ಬಾಗುವಾಗ ಪ್ರಬಲವಾದ ರೇಡಿಯೋ ಅಲೆ ಹುಟ್ಟುತ್ತದೆ. ಗಾಮಾ ಕಿರಣ ಎಲೆಕ್ಟ್ರಾನನ್ನು ಹೀಗೆ ತಳ್ಳುವುದನ್ನು 1923ರಲ್ಲಿ ವಿವರಿಸಿದ ಆರ್ಥರ್ ಕಾಂಪ್ಟನ್ ಅವರಿಗೆ 1927ರಲ್ಲಿ ನೊಬೆಲ್ ಪ್ರಶಸ್ತಿ ಬಂದದ್ದು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಗೊತ್ತಿರುತ್ತದೆ.

ಈ ಹೊಡೆತಕ್ಕೆ ಮೂರು ಹಂತಗಳಿವೆ. ಮೊದಲನೆಯದು ಸೆಕೆಂಡಿನ ಕೋಟಿಯಲ್ಲೊಂದು ಪಾಲಿಗಿಂತ ಕಡಿಮೆ ಸಮಯದಲ್ಲಿ ಏರಿ, ಹತ್ತು ಲಕ್ಷದಲ್ಲೊಂದು ಪಾಲಿನೊಳಗೆ ಬಹುಪಾಲು ಮುಗಿದುಹೋಗುತ್ತದೆ. ಇದು ಎಲೆಕ್ಟ್ರಾನಿಕ್ ಉಪಕರಣಗಳ ಶತ್ರು. ಎರಡನೆಯದು ಸಿಡಿಲನ್ನು ಹೋಲುತ್ತದೆ. ಮೂರನೆಯದು ನಿಧಾನದ್ದು, ಸೆಕೆಂಡುಗಟ್ಟಲೆ, ನಿಮಿಷಗಟ್ಟಲೆ ಇರುವಂಥದ್ದು. ಇದು ಚಿಕ್ಕ ತಂತಿಯನ್ನು ಗಮನಿಸುವುದೇ ಇಲ್ಲ. ನೂರಾರು ಕಿಲೋಮೀಟರ್ ಉದ್ದದ ವಿದ್ಯುತ್ ಮಾರ್ಗಗಳನ್ನು ಹುಡುಕಿಕೊಂಡು ಹೋಗುತ್ತದೆ. ಈ ಮೂರನೆಯದನ್ನು ಸೃಷ್ಟಿಸಲು ಬಾಂಬೇ ಬೇಕೆಂದಿಲ್ಲ, ಸೂರ್ಯನೂ ಸೃಷ್ಟಿಸಬಲ್ಲ. ಮನುಷ್ಯ ಈ ಹೊಡೆತವನ್ನು ಮೊದಲು ಕಂಡದ್ದೂ ಸೂರ್ಯನಿಂದಲೇ.

ಕೊಲಾಬಾದ ಸೂಜಿ

1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಕಲೆಗಳ ಚಿತ್ರ ಬಿಡಿಸುತ್ತಿದ್ದಾಗ ಎರಡು ಕಡೆ ಬಿಳಿಯ ಬೆಳಕು ಚಿಮ್ಮಿದ್ದನ್ನು ಕಂಡರು. ಒಂದು ದಿನ ಕಳೆಯುವುದರೊಳಗೆ ಅಮೆರಿಕ ಮತ್ತು ಯುರೋಪಿನ ತಂತಿ ಕಚೇರಿಗಳಲ್ಲಿ ಕಿಡಿ ಹಾರತೊಡಗಿತು. ಬಾಸ್ಟನ್ ಮತ್ತು ಪೋರ್ಟ್‌ಲೆಂಡ್ ನಡುವಿನ ತಂತಿ ನೌಕರರು ಬ್ಯಾಟರಿಗಳನ್ನೇ ಬೇರ್ಪಡಿಸಿ, ಆಕಾಶದಿಂದ ಬಂದ ವಿದ್ಯುತ್ತಿನಿಂದಲೇ ಸಂದೇಶ ಕಳುಹಿಸಿದರು.

ಆ ದಿನ ನಮ್ಮ ದೇಶದಲ್ಲೂ ಅದಕ್ಕೆ ಸಾಕ್ಷಿಯಿತ್ತು. ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಕಾಂತಸೂಜಿ ಹಿಂದೆಂದೂ ಕಾಣದಷ್ಟು ಕುಸಿಯಿತು. ಅಲ್ಲಿನ ಸಿಬ್ಬಂದಿ ಕಣ್ಣಿಂದ ನೋಡಿ ಕೈಯಿಂದ ಬರೆದಿಟ್ಟ ಆ ಅಂಕಿಗಳನ್ನು ಭಾರತೀಯ ಭೂಕಾಂತತ್ವ ಸಂಸ್ಥೆಯ ವಿಜ್ಞಾನಿಗಳೂ ಸೇರಿದ್ದ ತಂಡವೊಂದು 2003ರಲ್ಲಿ ಮತ್ತೆ ಪರಿಶೀಲಿಸಿತು. ಕುಸಿತ ಸುಮಾರು 1,600 ನ್ಯಾನೊಟೆಸ್ಲಾ ಇತ್ತೆಂದು ಅದು ಲೆಕ್ಕ ಹಾಕಿತು. ಆ ಮಹಾ ಬಿರುಗಾಳಿಯ ಬಲವನ್ನು ಇಂದು ಜಗತ್ತಿನ ವಿಜ್ಞಾನಿಗಳು ಅಳೆಯುವಾಗ ಈ ಕೊಲಾಬಾದ ದಾಖಲೆಯನ್ನು ಮುಂದಿಟ್ಟುಕೊಳ್ಳುತ್ತಾರೆ. ಹೆಸರು ಉಳಿಯದ ಗುಮಾಸ್ತರ ಶ್ರದ್ಧೆಯ ಕೆಲಸ ಒಂದೂವರೆ ಶತಮಾನದ ನಂತರ ಉಪಯೋಗಕ್ಕೆ ಬಂತು. 1872ರ ಫೆಬ್ರವರಿ 4ರಂದು ಬಂದ ಇನ್ನೊಂದು ಬಿರುಗಾಳಿಯಲ್ಲಂತೂ ಧ್ರುವಪ್ರಭೆ ಮುಂಬಯಿಯ ಆಕಾಶದಲ್ಲೇ ಕಾಣಿಸಿತು; ಏಡನ್ ಕಡೆಯ ತಂತಿ ಸಂಪರ್ಕ ಕೆಟ್ಟಿತು.

ವಾಹನಗಳ ವಿಷಯ ಹೇಳುತ್ತಿರುವುದರಿಂದ ಒಂದು ಸ್ವಾರಸ್ಯವನ್ನು ಇಲ್ಲಿಯೇ ಸೇರಿಸುತ್ತೇನೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಂಬಯಿಗೆ ವಿದ್ಯುತ್ ಟ್ರಾಮ್ ಬಂತು. ಅದರ ಕರೆಂಟು ಕೊಲಾಬಾದ ಸೂಜಿಯನ್ನು ಕದಲಿಸುತ್ತದೆಂದು ಕಾಂತ ಮಾಪನದ ಕೆಲಸವನ್ನು ಅಲಿಬಾಗ್‌ಗೆ ಸ್ಥಳಾಂತರಿಸಬೇಕಾಯಿತು. ಆಕಾಶದ ವಿದ್ಯುತ್ತು ವಾಹನವನ್ನು ಕೆಡಿಸುವ ಮೊದಲು ವಾಹನದ ವಿದ್ಯುತ್ತೇ ಆಕಾಶವನ್ನು ಅಳೆಯುವವರನ್ನು ಊರು ಬಿಡಿಸಿತು!

1962: ಎರಡು ಸ್ಫೋಟಗಳು

ಅಣುಬಾಂಬಿನಿಂದ ಇಂತಹ ಹೊಡೆತ ಬರಬಹುದೆಂದು ವಿಜ್ಞಾನಿಗಳಿಗೆ ಆರಂಭದಿಂದಲೇ ಅನುಮಾನವಿತ್ತು. 1945ರ ಜುಲೈ 16ರಂದು ಅಮೆರಿಕದ ಮರುಭೂಮಿಯಲ್ಲಿ ಮೊದಲ ಪರೀಕ್ಷೆ ನಡೆದಾಗ ಎನ್ರಿಕೊ ಫರ್ಮಿ ಅವರು ಇದನ್ನು ನಿರೀಕ್ಷಿಸಿದ್ದರಿಂದ ಮಾಪನದ ಕೇಬಲುಗಳಿಗೆಲ್ಲ ಲೋಹದ ಹೊದಿಕೆ ಹಾಕಿದ್ದರು. ಆದರೆ ಅದರ ನಿಜವಾದ ಅಳತೆ ತಿಳಿದದ್ದು ಹದಿನೇಳು ವರ್ಷಗಳ ಮೇಲೆ.

1962ರ ಜುಲೈ 8ರ ರಾತ್ರಿ, ಹವಾಯಿಯ ಗಡಿಯಾರದಲ್ಲಿ 11 ಗಂಟೆ. ಅಮೆರಿಕನ್ನರು ಶಾಂತಸಾಗರದ ಜಾನ್‌ಸ್ಟನ್ ದ್ವೀಪದಿಂದ ಥಾರ್ ಎಂಬ ರಾಕೆಟ್ಟಿನಲ್ಲಿ 14 ಲಕ್ಷ ಟನ್ ಟಿ.ಎನ್.ಟಿ.ಗೆ ಸಮನಾದ ಬಾಂಬನ್ನು 400 ಕಿಲೋಮೀಟರ್ ಎತ್ತರಕ್ಕೆ ಒಯ್ದು ಸಿಡಿಸಿದರು. ಪ್ರಯೋಗದ ಹೆಸರು ‘ಸ್ಟಾರ್‌ಫಿಶ್ ಪ್ರೈಮ್’. ಸುಮಾರು 1,400 ಕಿಲೋಮೀಟರ್ ದೂರದ ಹೊನೊಲುಲು ನಗರದಲ್ಲಿ ಜನ ಬಣ್ಣಬಣ್ಣದ ಆಕಾಶ ನೋಡಲು ಹೋಟೆಲುಗಳ ಮಾಳಿಗೆ ಹತ್ತಿ ನಿಂತಿದ್ದರು. ಅದೇ ಗಳಿಗೆಯಲ್ಲಿ ಊರಿನ ಸುಮಾರು 300 ಬೀದಿದೀಪಗಳು ಆರಿದವು, ಕಳ್ಳರ ಎಚ್ಚರಿಕೆ ಗಂಟೆಗಳು ತಾವಾಗಿಯೇ ಬಾರಿಸಿದವು, ಕವಾಯಿ ದ್ವೀಪದ ದೂರವಾಣಿ ಸಂಪರ್ಕ ತಪ್ಪಿತು. ಬೀದಿಯ ಕಾರುಗಳು ಮಾತ್ರ ಓಡುತ್ತಲೇ ಇದ್ದವು. ಅಂದಿನ ಕಾರಿನಲ್ಲಿ ಹಾಳಾಗಲು ಏನಿತ್ತು? ಕಾರ್ಬೊರೇಟರ್, ಪಾಯಿಂಟ್, ಕಾಯಿಲ್, ಡೈನಮೊ, ಅಷ್ಟೇ.

ಮೂರು ತಿಂಗಳ ನಂತರ, 1962ರ ಅಕ್ಟೋಬರ್ 22ರಂದು, ಸೋವಿಯತ್ ಒಕ್ಕೂಟವು ಕಝಾಕಿಸ್ತಾನದ ಮೇಲೆ 290 ಕಿಲೋಮೀಟರ್ ಎತ್ತರದಲ್ಲಿ ಮೂರು ಲಕ್ಷ ಟನ್ ಸಾಮರ್ಥ್ಯದ ಬಾಂಬನ್ನು ಸಿಡಿಸಿತು. ಆ ದಿನಗಳು ನೆನಪಿರುವ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಎರಡು ದಿನ ಮೊದಲು, ಅಕ್ಟೋಬರ್ 20ರಂದು, ನಮ್ಮ ಗಡಿಯಲ್ಲಿ ಚೀನಾದೊಂದಿಗೆ ಯುದ್ಧ ಆರಂಭವಾಗಿತ್ತು. ಅದೇ 22ರಂದು ಅಧ್ಯಕ್ಷ ಕೆನಡಿ ಕ್ಯೂಬಾದ ಕ್ಷಿಪಣಿಗಳ ಬಗ್ಗೆ ಜಗತ್ತಿಗೆ ತಿಳಿಸಿದರು. ಈ ಗದ್ದಲದಲ್ಲಿ ಕಝಾಕಿಸ್ತಾನದ ಸುದ್ದಿ ಹೊರಗೆ ಬರಲೇ ಇಲ್ಲ. ಸೋವಿಯತ್ ಒಕ್ಕೂಟ ಒಡೆದ ಮೇಲೆ, 1990ರ ದಶಕದಲ್ಲಿ, ವಿವರಗಳು ಹೊರಬಿದ್ದವು. ಅಲ್ಲಿನ ಹಾನಿ ಹವಾಯಿಗಿಂತ ಬಹಳ ಹೆಚ್ಚಿನದು. 570 ಕಿಲೋಮೀಟರ್ ಉದ್ದದ ದೂರವಾಣಿ ಮಾರ್ಗದಲ್ಲಿ ಫ್ಯೂಸುಗಳೂ ರಕ್ಷಕಗಳೂ ಸುಟ್ಟವು. ನೆಲದಡಿ ಹೂತಿದ್ದ ಸುಮಾರು 1,000 ಕಿಲೋಮೀಟರ್ ಉದ್ದದ ವಿದ್ಯುತ್ ಕೇಬಲು ಸ್ಥಗಿತವಾಯಿತು. ಕರಗಂಡ ನಗರದ ವಿದ್ಯುತ್ ಕೇಂದ್ರಕ್ಕೆ ಬೆಂಕಿ ಹತ್ತಿತು. ಆಕಾಶದ ಬಾಂಬಿನ ವಿಷಯವನ್ನೇ ಅರಿಯದ ಜನರ ನೆತ್ತಿಯ ಮೇಲೆ ಈ ಪ್ರಯೋಗ ನಡೆದುಹೋಯಿತು.

ಓದುಗರು ಒಂದು ಅಂಶವನ್ನು ಗಮನಿಸಬೇಕು. ಎರಡೂ ಕಡೆ ಹಾನಿಯಾದದ್ದು ಯಾವುದಕ್ಕೆ? ಉದ್ದ ತಂತಿಗೆ ಕಟ್ಟಿಕೊಂಡಿದ್ದ ವಸ್ತುಗಳಿಗೆ.

ಅಣುಪರೀಕ್ಷೆಗಳನ್ನು ನಿಲ್ಲಿಸಬೇಕೆಂದು 1954ರಲ್ಲೇ ಜಗತ್ತಿಗೆ ಕರೆಕೊಟ್ಟವರು ಪಂಡಿತ್ ನೆಹರೂ. 1963ರ ಆಗಸ್ಟ್ 5ರಂದು ಮಾಸ್ಕೋದಲ್ಲಿ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಸಹಿ ಬಿತ್ತು. ಮೂರೇ ದಿನಗಳಲ್ಲಿ ಭಾರತವೂ ಸಹಿ ಹಾಕಿತು. ಆಕಾಶದಲ್ಲಿ ಬಾಂಬು ಸಿಡಿಸಿ ನೋಡುವುದು ಒಪ್ಪಂದಕ್ಕೆ ಒಳಪಟ್ಟ ದೇಶಗಳಿಗೆ ಅಲ್ಲಿಗೆ ಮುಗಿಯಿತು. ಬಾಂಬನ್ನು ಎತ್ತರಕ್ಕೆ ಒಯ್ಯುವ ರಾಕೆಟ್ಟಿನ ಮಾತು ಬಂದಾಗ ಶ್ರೀರಂಗಪಟ್ಟಣದವರು ಟಿಪ್ಪು ಸುಲ್ತಾನರ ಕಬ್ಬಿಣದ ಕೊಳವೆಯ ರಾಕೆಟ್ಟನ್ನು ನೆನೆಯುವುದು ಸಹಜ. 1799ರ ನಂತರ ಆ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದದ್ದೂ, ವಿಲಿಯಂ ಕಾಂಗ್ರೀವ್ ಅವುಗಳಿಂದ ಕಲಿತು ತನ್ನ ರಾಕೆಟ್ಟು ಮಾಡಿದ್ದೂ ಇತಿಹಾಸ. ಆದರೆ ಅಲ್ಲಿಂದ ಥಾರ್‌ವರೆಗೆ ನೇರ ಗೆರೆ ಎಳೆಯುವುದು ಅಭಿಮಾನದ ಮಾತಾದೀತೇ ಹೊರತು ಇತಿಹಾಸವಾಗದು. ನಡುವೆ ಇನ್ನೂ ಹಲವು ದೇಶಗಳ, ಹಲವರ ಕೈಯಿದೆ.

ಮೈಕೋ ಪಂಪಿನಿಂದ ಕಂಪ್ಯೂಟರಿಗೆ

ಇನ್ನು ನಮ್ಮ ವಾಹನಗಳ ಕಡೆ ಬರೋಣ. 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಆರಂಭವಾಯಿತು. ನಮ್ಮವರ ಬಾಯಲ್ಲಿ ಅದು ಮೈಕೋ. ಆಡುಗೋಡಿಯ ಆ ಕಾರ್ಖಾನೆಯಲ್ಲಿ ತಯಾರಾದ ಸ್ಪಾರ್ಕ್ ಪ್ಲಗ್ಗು ಮತ್ತು ಡೀಸೆಲ್ ಪಂಪುಗಳು ದೇಶದ ಲಾರಿ, ಬಸ್ಸು, ಟ್ರ್ಯಾಕ್ಟರುಗಳನ್ನು ಓಡಿಸಿದವು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾಯಿತು. ಆದರೂ ಹಳೆಯ ಮೆಕ್ಯಾನಿಕ್ಕುಗಳು ಮೈಕೋ ಪಂಪ್ ಎನ್ನುವುದನ್ನು ಬಿಟ್ಟಿಲ್ಲ.

ಹಳೆಯ ಡೀಸೆಲ್ ಇಂಜಿನ್ನಿನ ವಿಶೇಷವೇನೆಂದರೆ, ಒಮ್ಮೆ ಚಾಲೂ ಆದ ಮೇಲೆ ಓಡಲು ಅದಕ್ಕೆ ವಿದ್ಯುತ್ತೇ ಬೇಕಿಲ್ಲ. ಇಂಜಿನ್ನಿನ ತಿರುಗುವಿಕೆಯಿಂದಲೇ ಪಂಪು ತಿರುಗುತ್ತದೆ. ಅದು ಅಳೆದು ಒತ್ತಿದ ಡೀಸೆಲ್ಲು ಬಿಸಿಗಾಳಿಯಲ್ಲಿ ತಾನೇ ಉರಿಯುತ್ತದೆ. ಬ್ಯಾಟರಿ ಸತ್ತರೆ ಇಳಿಜಾರಿನಲ್ಲಿ ತಳ್ಳಿ ಚಾಲೂ ಮಾಡಿ ಆಲೆಮನೆಗೆ ಕಬ್ಬು ಸಾಗಿಸಿದ ಟ್ರ್ಯಾಕ್ಟರುಗಳು ನಮ್ಮ ಕಡೆ ಎಷ್ಟೋ. ಸಂದೇಶಗಳಲ್ಲಿ ಬರುವ ‘ಹಳೆಯ ಗಾಡಿ ಮಾತ್ರ ಓಡುತ್ತದೆ’ ಎಂಬ ಮಾತಿಗೆ ಆಧಾರ ಇದೇ.

ಬದಲಾವಣೆ ತಂದದ್ದು ಹೊಗೆಯ ಕಾನೂನು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕಾರ್ಬೊರೇಟರಿನದು. 2000ದ ಸುಮಾರಿಗೆ ಅದಕ್ಕೂ ಕಂಪ್ಯೂಟರ್ ನಿಯಂತ್ರಿಸುವ ಇಂಧನ ಸಿಂಪರಣೆ ಬಂತು. ಬಿಡದಿಯ ಟೊಯೋಟಾ ಕಾರ್ಖಾನೆಯಿಂದ 2000ದಲ್ಲಿ ಹೊರಬಂದ ಕ್ವಾಲಿಸ್ ಹಳೆಯ ಬಗೆಯ ಡೀಸೆಲ್ ಪಂಪಿನದು. 2005ರಲ್ಲಿ ಅದರ ಜಾಗಕ್ಕೆ ಬಂದ ಇನ್ನೋವಾದಲ್ಲಿ ಪ್ರತಿ ಹನಿ ಡೀಸೆಲ್ಲಿನ ಸಮಯವನ್ನೂ ಕಂಪ್ಯೂಟರ್ ಪೆಟ್ಟಿಗೆಯೇ ನಿರ್ಧರಿಸುತ್ತದೆ. 2020ರ ಏಪ್ರಿಲ್ 1ರಿಂದ ಬಿ.ಎಸ್.-6 ನಿಯಮ ಜಾರಿಯಾದ ಮೇಲೆ ಹೊಸ ಸ್ಕೂಟರು, ಬೈಕುಗಳಲ್ಲೂ ಬಹುಪಾಲು ಕಾರ್ಬೊರೇಟರ್ ಹೋಗಿ ಕಂಪ್ಯೂಟರ್ ಬಂದಿದೆ. ಈಗ ಇಂಜಿನ್ನು ಮಾತ್ರವಲ್ಲ, ಬ್ರೇಕು, ಸ್ಟೇರಿಂಗ್, ಏರ್‌ಬ್ಯಾಗು, ಬಾಗಿಲಿನ ಬೀಗ ಎಲ್ಲಕ್ಕೂ ಒಂದೊಂದು ಪೆಟ್ಟಿಗೆ. ಹಾಗಾದರೆ ಇವೆಲ್ಲ ಒಂದೇ ಹೊಡೆತಕ್ಕೆ ಸಾಯುತ್ತವೆಯೇ?

ಐವತ್ತೈದು ವಾಹನಗಳ ಪರೀಕ್ಷೆ

2001ರಲ್ಲಿ ಅಮೆರಿಕದ ಸಂಸತ್ತು ಇ.ಎಂ.ಪಿ. ಅಪಾಯವನ್ನು ಪರಿಶೀಲಿಸಲು ಒಂದು ಆಯೋಗ ನೇಮಿಸಿತು. ಆಯೋಗವು 1986ರಿಂದ 2002ರವರೆಗಿನ ಮಾದರಿಯ 37 ಕಾರುಗಳನ್ನೂ, 1991ರಿಂದ 2003ರವರೆಗಿನ 18 ಲಾರಿಗಳನ್ನೂ ತಂದು, ಪ್ರಯೋಗಶಾಲೆಯಲ್ಲಿ ಕೃತಕ ಹೊಡೆತ ಕೊಟ್ಟು ನೋಡಿತು. ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾ ಮೀಟರಿಗೆ 50,000 ವೋಲ್ಟಿನವರೆಗೆ ಹೋದರು. ಹೋಲಿಕೆಗೆ ಹೇಳುವುದಾದರೆ, ಮೊಬೈಲು, ರೇಡಿಯೋ ಮುಂತಾದವುಗಳ ಅಲೆಗೆ ಕಾರು ಕೆಡಬಾರದೆಂದು ಮಾಡುವ ಸಾಮಾನ್ಯ ಅಂತರರಾಷ್ಟ್ರೀಯ ಪರೀಕ್ಷೆಯ ಮಟ್ಟ ಮೀಟರಿಗೆ ಸುಮಾರು 30 ವೋಲ್ಟ್ ಮಾತ್ರ. ಅದು ಸತತವಾಗಿ ಇರುವ ಅಲೆ, ಇದು ಕ್ಷಣಿಕ ಎಂಬ ವ್ಯತ್ಯಾಸವೂ ಇದೆಯೆನ್ನಿ.

2008ರಲ್ಲಿ ಪ್ರಕಟವಾದ ವರದಿಯ ಫಲಿತಾಂಶ ಹೀಗಿದೆ. ಇಂಜಿನ್ ಬಂದ್ ಮಾಡಿ ನಿಲ್ಲಿಸಿದ್ದ ಕಾರುಗಳಲ್ಲಿ ಒಂದಕ್ಕೂ ಏನೂ ಆಗಲಿಲ್ಲ. ಓಡುತ್ತಿದ್ದ ಕಾರುಗಳ ಪೈಕಿ ಮೂರು, ಮೀಟರಿಗೆ ಸುಮಾರು 30,000 ವೋಲ್ಟ್ ದಾಟಿದ ಮೇಲೆ ನಿಂತವು. ಚಾಲಕ ಮತ್ತೆ ಕೀಲಿ ತಿರುಗಿಸಿ ಚಾಲೂ ಮಾಡಿಕೊಳ್ಳಬೇಕಾದಂತಹ ನಿಲುಗಡೆ ಅದು. ಒಂದು ಕಾರಿನ ಡ್ಯಾಶ್‌ಬೋರ್ಡ್ ಕೆಟ್ಟು ರಿಪೇರಿ ಬೇಕಾಯಿತು. 25 ಕಾರುಗಳಲ್ಲಿ ದೀಪ ಮಿಣುಕುವಂತಹ ಸಣ್ಣಪುಟ್ಟ ಕಿರಿಕಿರಿ ಕಾಣಿಸಿ ತಾನಾಗಿ ಸರಿಹೋಯಿತು. ಎಂಟು ಕಾರುಗಳಿಗೆ ಏನೂ ತಗಲಲಿಲ್ಲ. ಓಡುತ್ತಿದ್ದ ಲಾರಿಗಳಲ್ಲಿ ಮೂರು ನಿಂತವು, ಎರಡು ಕೂಡಲೇ ಮತ್ತೆ ಹೊರಟವು; ಒಂದನ್ನು ಮಾತ್ರ ಗ್ಯಾರೇಜಿಗೆ ಎಳೆದೊಯ್ಯಬೇಕಾಯಿತು.

ಕಾರು ಇಷ್ಟು ಗಟ್ಟಿಯಾಗಿರಲು ಕಾರಣಗಳಿವೆ. ಅದರ ತಂತಿಗಳು ಚಿಕ್ಕವು. ನಾಲ್ಕು ಮೀಟರಿನ ಗಾಡಿಯಲ್ಲಿ ಎಷ್ಟು ಉದ್ದದ ತಂತಿ ಇದ್ದೀತು? ಮೇಲೆ ಲೋಹದ ಕವಚ. ಗಾಜಿನ ಕಿಟಕಿಗಳಿರುವುದರಿಂದ ಅದು ಪೂರ್ಣ ಕವಚವಲ್ಲ, ಆದರೂ ಅಲೆಯ ಒಂದಷ್ಟು ಪಾಲನ್ನು ತಡೆಯುತ್ತದೆ. ಜೊತೆಗೆ ಪೆಟ್ರೋಲ್ ಕಾರಿನ ಕಂಪ್ಯೂಟರು ಹುಟ್ಟಿದಂದಿನಿಂದ ವಿದ್ಯುತ್ ಕಿಡಿಯ ನೆರೆಮನೆಯಲ್ಲೇ ಬಾಳಿದೆ. ಪಕ್ಕದ ಸ್ಪಾರ್ಕ್ ಪ್ಲಗ್ಗಿಗೆ ಇಪ್ಪತ್ತು ಸಾವಿರ ವೋಲ್ಟಿನ ಆಸುಪಾಸಿನ ಕಿಡಿ ಸದಾ ಹಾರುತ್ತಿರುತ್ತದೆ. ಅದನ್ನು ತಾಳಿಕೊಳ್ಳುವಂತೆಯೇ ಅದನ್ನು ಕಟ್ಟಿರುತ್ತಾರೆ.

ಆದರೆ ಈ ಫಲಿತಾಂಶವನ್ನು ಹಿಡಿದು ಪೂರ್ಣ ನಿಶ್ಚಿಂತರಾಗುವುದೂ ಸರಿಯಲ್ಲ. ಪರೀಕ್ಷೆ ಮಾಡುವವರು ವಾಹನ ಏನಾದರೂ ವ್ಯತ್ಯಾಸ ತೋರಿದ ಕೂಡಲೇ ಅಲ್ಲಿಗೆ ನಿಲ್ಲಿಸುತ್ತಿದ್ದರು. ಇನ್ನೂ ಏರಿಸಿದ್ದರೆ ಏನಾಗುತ್ತಿತ್ತೆಂದು ಆ ವರದಿಯಿಂದ ತಿಳಿಯುವುದಿಲ್ಲ. ಅಲ್ಲದೆ ಅಲ್ಲಿದ್ದ ಅತಿ ಹೊಸ ಕಾರು 2002ರ ಮಾದರಿಯದು. ಇಂದಿನ ಕಾರಿನಲ್ಲಿ ಅದಕ್ಕಿಂತ ಹಲವು ಪಟ್ಟು ಪೆಟ್ಟಿಗೆಗಳಿವೆ; ಬ್ಯಾಟರಿ ಕಾರಂತೂ ಬೇರೆಯೇ ಜಾತಿ. ಪ್ರಬಲ ಹೊಡೆತ ಬಿದ್ದರೆ ಓಡುತ್ತಿರುವ ಕಾರುಗಳಲ್ಲಿ ಸುಮಾರು ಹತ್ತರಲ್ಲೊಂದು ಅಥವಾ ಹೆಚ್ಚು ಕಾರು ನಿಲ್ಲಬಹುದು ಅಥವಾ ಗಂಭೀರವಾಗಿ ತೊಡಕಬಹುದು ಎಂದು ಆಯೋಗವೇ ಅಂದಾಜಿಸಿದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥದಲ್ಲಿ ನೂರರ ವೇಗದಲ್ಲಿ ಹೋಗುವ ಸಾಲಿನಲ್ಲಿ ಹತ್ತಕ್ಕೊಂದು ಕಾರು ಒಮ್ಮೆಲೇ ಇಂಜಿನ್ ಕಳೆದುಕೊಂಡರೆ, ಹಿಂದಿನ ಒಂಬತ್ತು ಕಾರುಗಳ ಗತಿಯೇನು? ಇಂಜಿನ್ ನಿಂತಾಗ ಸ್ಟೇರಿಂಗ್ ಬಿಗಿಯಾಗುತ್ತದೆ. ಬ್ರೇಕಿಗೆ ಒಂದೆರಡು ಸಲ ಮಾತ್ರ ಮೊದಲಿನ ಸುಲಭ ಒತ್ತು ಸಿಗುತ್ತದೆ. ಯಾವ ಕಾರಣಕ್ಕೇ ಇಂಜಿನ್ ನಿಲ್ಲಲಿ, ಬ್ರೇಕನ್ನು ಪದೇಪದೇ ತುಳಿಯದೆ ಒಂದೇ ಸಮನೆ ಒತ್ತಿ, ಎಡಕ್ಕೆ ಸರಿದು ನಿಂತು, ಆಮೇಲೆ ಚಾಲೂ ಮಾಡಬೇಕು. ಇದನ್ನು ವಾಹನ ಓಡಿಸುವ ಪ್ರತಿಯೊಬ್ಬ ಯುವಕ ಯುವತಿಯೂ ತಿಳಿದಿರಲಿ.

ಉದ್ದ ತಂತಿಯ ನಾಡು

ಕಾರಿನ ಕಥೆ ಇಷ್ಟು. ಈಗ ತಂತಿಯ ಕಥೆ. ಭಾರತದಲ್ಲಿ ಉದ್ದ ತಂತಿಯ ಇತಿಹಾಸವನ್ನು ಬರೆಯುವವರು ನಮ್ಮ ಜಿಲ್ಲೆಯಿಂದಲೇ ಶುರುಮಾಡಬೇಕು. 1902ರ ಜೂನ್ 30ರಂದು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಸುಮಾರು 147 ಕಿಲೋಮೀಟರ್ ದೂರ, 35,000 ವೋಲ್ಟ್. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೊಂದು. 1905ರಲ್ಲಿ ಅದೇ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪ ಹತ್ತಿತು. ಗಣಿಗಳ ಬೇಡಿಕೆ ಏರಿ, ಬೇಸಿಗೆಯಲ್ಲಿ ಕಾವೇರಿಯ ನೀರು ಸಾಲದೆ ಹೋದದ್ದರಿಂದಲೇ ಕನ್ನಂಬಾಡಿ ಕಟ್ಟೆಯ ಯೋಜನೆಗೆ ಒತ್ತು ಸಿಕ್ಕಿತು. ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1911ರಲ್ಲಿ ಕೆಲಸ ಆರಂಭವಾಯಿತು. ಕೆ.ಆರ್.ಎಸ್. ಎಂದರೆ ನಮಗೆ ಭತ್ತ, ಕಬ್ಬು ನೆನಪಾಗುತ್ತದೆ. ಅದರ ಹುಟ್ಟಿನ ಹಿಂದೆ ದೂರದ ಗಣಿಗೆ ಹೋಗುವ ಆ ತಂತಿಯೂ ಇತ್ತು.

ಅಂದು ಆ ಮಾರ್ಗ ಒಂಟಿ. ಕೆಟ್ಟರೆ ಗಣಿಗಷ್ಟೇ ಕತ್ತಲೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗ ಚಾಲೂ ಆಗಿ ದಕ್ಷಿಣದ ಜಾಲವು ದೇಶದ ಜಾಲದೊಡನೆ ಒಂದಾಯಿತು. ಅದಕ್ಕೂ ಒಂದೂವರೆ ವರ್ಷ ಮೊದಲು, 2012ರ ಜುಲೈ 30 ಮತ್ತು 31ರಂದು, ಉತ್ತರ ಭಾರತದ ಜಾಲ ಕುಸಿದು 60 ಕೋಟಿಗೂ ಹೆಚ್ಚು ಜನರಿಗೆ ವಿದ್ಯುತ್ ತಪ್ಪಿದಾಗ ಕರ್ನಾಟಕ ಪಾರಾಗಿತ್ತು. ಏಕೆಂದರೆ ಆಗ ನಾವಿನ್ನೂ ಬೇರೆಯಾಗಿದ್ದೆವು. ಆ ಕುಸಿತಕ್ಕೆ ಕಾರಣ ಆಕಾಶವಲ್ಲ, ಮಿತಿಮೀರಿದ ಹೊರೆ. ಆದರೂ ಒಂದು ಕಡೆಯ ಏಟು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಅದು ಸಾಕ್ಷಿ. ಒಂದಾದದ್ದರಿಂದ ಲಾಭವೇ ಹೆಚ್ಚು, ಅದರಲ್ಲಿ ಅನುಮಾನವಿಲ್ಲ. ಆದರೆ ಅಪಾಯದಲ್ಲೂ ಈಗ ನಾವು ಪಾಲುದಾರರು.

ಸೂರ್ಯನ ಏಟಿಗೆ ಜಾಲ ಕುಸಿದದ್ದು ಕೆನಡಾದ ಕ್ವಿಬೆಕ್‌ನಲ್ಲಿ. 1989ರ ಮಾರ್ಚ್ 13ರಂದು ಸುಮಾರು ಒಂದೂವರೆ ನಿಮಿಷದಲ್ಲಿ ಇಡೀ ಪ್ರಾಂತ್ಯದ ಜಾಲ ಬಿದ್ದು, 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿ ಕುಳಿತರು. ನೆಲದಲ್ಲಿ ಹುಟ್ಟಿದ ನಿಧಾನದ ಕರೆಂಟು ದೊಡ್ಡ ಟ್ರಾನ್ಸ್‌ಫಾರ್ಮರುಗಳನ್ನು ಹೊಕ್ಕು ಕೆಡಿಸುತ್ತದೆ. ನಮಗೊಂದು ಸಮಾಧಾನವಿದೆ. ದಕ್ಷಿಣ ಭಾರತ ಕಾಂತೀಯ ಸಮಭಾಜಕಕ್ಕೆ ಹತ್ತಿರವಿದೆ. ಕೇರಳದ ತುಂಬಾ ಗ್ರಾಮವನ್ನು ರಾಕೆಟ್ ಉಡಾವಣೆಗೆ ಆರಿಸಿದ್ದಕ್ಕೂ ಅದೇ ಕಾರಣ. ಸೂರ್ಯನ ಬಿರುಗಾಳಿಯ ಕಠಿಣ ಏಟು ಧ್ರುವಗಳ ಕಡೆಯ ದೇಶಗಳಿಗೆ ಬೀಳುವಷ್ಟು ನಮಗೆ ಬೀಳುವುದಿಲ್ಲ. ಆದರೂ 2024ರ ಮೇ 10–11ರ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯ ಆಕಾಶ ಕೆಂಪಾಯಿತು. ಅಮೆರಿಕದಲ್ಲಿ ಉಪಗ್ರಹದ ದಾರಿ ನೋಡಿ ಬಿತ್ತನೆ ಮಾಡುವ ಟ್ರ್ಯಾಕ್ಟರುಗಳು ಬಿತ್ತನೆಯ ಹಂಗಾಮಿನಲ್ಲೇ ದಿಕ್ಕು ತಪ್ಪಿ ನಿಂತವು. ಇಂತಹ ಬಿರುಗಾಳಿಗಳನ್ನು ಹುಟ್ಟಿಸುವ ಸೂರ್ಯನನ್ನು ಎಡೆಬಿಡದೆ ನೋಡಲೆಂದು 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವನ್ನು ಕಟ್ಟಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಯೋಜನಾ ನಿರ್ದೇಶಕಿ ನಿಗಾರ್ ಶಾಜಿ ತಮಿಳುನಾಡಿನ ಸೆಂಗೋಟ್ಟೈಯ ರೈತ ಕುಟುಂಬದಿಂದ ಬಂದು 1987ರಲ್ಲಿ ಇಸ್ರೋ ಸೇರಿದವರು. ನಮ್ಮ ವಿದ್ಯಾರ್ಥಿನಿಯರು ಈ ಹೆಸರನ್ನು ಬರೆದಿಟ್ಟುಕೊಳ್ಳಲಿ.

ನಾಲ್ಕು ತಾಲ್ಲೂಕು, ಎರಡು ಬಗೆಯ ನೀರು

ಈಗ ಸಂದೇಶದ ಪ್ರಶ್ನೆಯನ್ನು ನಮ್ಮ ನೆಲಕ್ಕೆ ತಂದು ಕೇಳಿಕೊಳ್ಳೋಣ. ಅಂತಹ ಹೊಡೆತವೊಂದು ಬಿದ್ದಿತೆಂದೇ ಇಟ್ಟುಕೊಳ್ಳಿ. ಶ್ರೀರಂಗಪಟ್ಟಣದ ಬಸ್ ನಿಲ್ದಾಣದ ಮುಂದೆ ನಿಲ್ಲಿಸಿದ ಕಾರುಗಳು ಬಹುಪಾಲು ಚಾಲೂ ಆಗುತ್ತವೆ. ಆದರೆ ಎಷ್ಟು ದೂರ ಹೋಗುತ್ತವೆ? ಬಂಕಿನ ನೆಲದಡಿ ಟ್ಯಾಂಕಿನಲ್ಲಿ ಪೆಟ್ರೋಲು ಇದ್ದರೂ ಅದನ್ನು ಮೇಲೆತ್ತುವ ಪಂಪಿಗೆ ಕರೆಂಟು ಬೇಕು. ಜನರೇಟರಿನಲ್ಲಿ ಎರಡು ದಿನ ನಡೆಸಬಹುದು. ಟ್ಯಾಂಕರು ಬರದಿದ್ದರೆ ಅದೂ ಮುಗಿಯಿತು. ಮೈಕೋ ಪಂಪಿನ ಹಳೆಯ ಟ್ರ್ಯಾಕ್ಟರಿಗೂ ಡೀಸೆಲ್ಲು ಬೇಕೇ ಬೇಕಲ್ಲವೇ?

ನೀರಿನ ವಿಷಯದಲ್ಲಿ ನಾಲ್ಕು ತಾಲ್ಲೂಕುಗಳ ಹಣೆಬರಹ ಒಂದೇ ಅಲ್ಲ. ಶ್ರೀರಂಗಪಟ್ಟಣದಲ್ಲಿ ಅರಸರ ಕಾಲದ ಚಿಕ್ಕದೇವರಾಯ ನಾಲೆ ಇದೆ. ಪಾಂಡವಪುರದ ಮೇಲೆ ಹಾದು ವಿಶ್ವೇಶ್ವರಯ್ಯ ನಾಲೆ ಮಂಡ್ಯದ ಕಡೆ ಹೋಗುತ್ತದೆ. ಈ ನಾಲೆಗಳ ನೀರು ಇಳಿಜಾರಿನಲ್ಲಿ ತಾನಾಗಿ ಹರಿಯುವಂಥದ್ದು. ಅದಕ್ಕೆ ಮೋಟಾರು ಬೇಕಿಲ್ಲ, ತಂತಿ ಬೇಕಿಲ್ಲ. ತೂಬು ಎತ್ತುವವರಿದ್ದರೆ ಸಾಕು. ಕೆ.ಆರ್. ಪೇಟೆಯ ಹೇಮಾವತಿ ನಾಲೆಯ ಬಯಲಿಗೂ ಈ ಮಾತು ಅನ್ವಯಿಸುತ್ತದೆ. ನಾಲೆ ತಲುಪದ ಕೆ.ಆರ್. ಪೇಟೆಯ ಹೋಬಳಿಗಳಲ್ಲಿ, ನಾಗಮಂಗಲದ ಒಣಭೂಮಿಯಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಕುಡಿಯುವ ನೀರೂ ತೋಟದ ನೀರೂ ನೂರಾರು ಅಡಿ ಆಳದ ಕೊಳವೆಬಾವಿಯಿಂದ ಬರಬೇಕು. ಕೊಳವೆಬಾವಿಯೊಳಗಿನ ಮೋಟಾರು ಊರಿನವರು ಟಿ.ಸಿ. ಎನ್ನುವ ಕಂಬದ ಟ್ರಾನ್ಸ್‌ಫಾರ್ಮರನ್ನು ನಂಬಿದೆ; ಟಿ.ಸಿ. ಉಪಕೇಂದ್ರವನ್ನು ನಂಬಿದೆ, ಉಪಕೇಂದ್ರ ನೂರಾರು ಕಿಲೋಮೀಟರ್ ಆಚೆಯ ಮಾರ್ಗವನ್ನು. ಬೆಂಗಳೂರಿನವರು ಇದನ್ನು ಹಳ್ಳಿಯ ಸಮಸ್ಯೆ ಎಂದುಕೊಳ್ಳುವಂತಿಲ್ಲ. ಅವರು ಕುಡಿಯುವ ಕಾವೇರಿ ನೀರನ್ನು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹಂತಹಂತವಾಗಿ ಪಂಪು ಮಾಡಿ, ಸುಮಾರು ನೂರು ಕಿಲೋಮೀಟರ್ ದೂರ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸಲಾಗುತ್ತಿದೆ.

ಹಳ್ಳಿಯ ಟಿ.ಸಿ. ಸುಟ್ಟರೆ ಬದಲಿ ತರಲು ಎಷ್ಟು ದಿನ ಅಲೆಯಬೇಕೆಂಬುದು ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ದೊಡ್ಡ ಉಪಕೇಂದ್ರದ ಟ್ರಾನ್ಸ್‌ಫಾರ್ಮರು ನೂರಾರು ಟನ್ ತೂಗುತ್ತದೆ. ಅದು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ, ಕೇಳಿದ ಮೇಲೆಯೇ ತಯಾರಾಗುವಂಥದ್ದು. ತಯಾರಿಗೆ ಹಲವು ತಿಂಗಳು, ಕೆಲವೊಮ್ಮೆ ವರ್ಷಕ್ಕೂ ಮೇಲೆ ಹಿಡಿಯುತ್ತದೆ. ಕಾರಿನ ಚಾಲಕ ಕೀಲಿಯನ್ನು ಮತ್ತೊಮ್ಮೆ ತಿರುಗಿಸಿ ನೋಡಬಹುದು. ನಾಗಮಂಗಲದ ಕೊಳವೆಬಾವಿಯ ಮುಂದೆ ಕೊಡ ಹಿಡಿದು ನಿಂತವರ ಕೈಯಲ್ಲಿ ಅಂತಹ ಕೀಲಿ ಇಲ್ಲ.